ಹೊಟ್ಟೆಯೊಳಗಿನ ಒಕ್ಕಲು

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಆಸುಪಾಸಿನ ಯಾವ ಊರಿನ ಡೇರಿಗಾದರೂ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಹೋಗಿ ನಿಂತರೆ ಇಂಥ ಮಾತು ಕಿವಿಗೆ ಬೀಳದೆ ಇರದು: “ಏನ್ ಸೆಕ್ರೆಟ್ರಿಯವರೆ, ಮೊನ್ನೆ ಮೂರು ಎಂಟು ಇದ್ದ ಫ್ಯಾಟು ಇವತ್ತು ಮೂರು ಒಂದಕ್ಕೆ ಬಂತಲ್ಲ? ಅದೇ ಹಸ, ಅದೇ ಕೊಟ್ಟಿಗೆ. ಒಂದು ತೊಟ್ಟು ನೀರು ಬೆರೆಸಿಲ್ಲ.” ಅನುಮಾನ ಮೊದಲು ಮಿಷನ್ನಿನ ಮೇಲೆ, ಆಮೇಲೆ ಸೆಕ್ರೆಟ್ರಿ ಮೇಲೆ, ಕೊನೆಗೆ ಹಾಲು ಕರೆದ ಸೊಸೆಯ ಮೇಲೆ ಹೋಗುತ್ತದೆ. ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ, ಇರಬೇಕೆಂಬುದು ಹಾಲು ಒಕ್ಕೂಟದ ಅಳತೆ. ಅದರಿಂದ ಕೆಳಗಿಳಿದರೆ ಕೈಗೆ ಬರುವ ದುಡ್ಡೂ ಇಳಿಯುತ್ತದೆ. ಹಾಗಾಗಿ ಈ ಜಗಳ ಬರೀ ಮಾತಿನದಲ್ಲ, ಹೊಟ್ಟೆಪಾಡಿನದು.

ಜಗಳದಲ್ಲಿ ಯಾರೂ ಹೆಸರೆತ್ತದ ಒಂದು ದೊಡ್ಡ ಪಂಗಡ ಇದೆ. ಅದು ಹಸುವಿನ ಹೊಟ್ಟೆಯಲ್ಲೇ ಬೀಡುಬಿಟ್ಟಿರುವ ಜೀವಾಣುಗಳ ಪಂಗಡ. ಫ್ಯಾಟು ಇಳಿದ ದಿನ ಬಹಳ ಸಲ ವಿಚಾರಿಸಬೇಕಾದ್ದು ಅವುಗಳನ್ನು.

ರಾಗಿ ಬೆಳೆದವನ ಮನೆಯಲ್ಲಿ ಪಾಲು ಹೇಗಾಗುತ್ತದೆ, ನೋಡಿ. ತೆನೆ ನಮಗೆ, ಹುಲ್ಲು ದನಕ್ಕೆ. ರಾಗಿಯ ಕಾಳಿನಲ್ಲಿರುವುದು ಪಿಷ್ಟ, ಹುಲ್ಲಿನಲ್ಲಿರುವುದು ಸೆಲ್ಯುಲೋಸ್ ಎಂಬ ನಾರು. ಎರಡನ್ನೂ ಬಿಡಿಸಿದರೆ ಒಳಗೆ ಸಿಗುವುದು ಒಂದೇ ಗ್ಲೂಕೋಸ್ ಸಕ್ಕರೆ. ಆದರೆ ಆ ಸಕ್ಕರೆಯ ಕಣಗಳು ಒಂದಕ್ಕೊಂದು ಕೂಡಿಕೊಂಡಿರುವ ಬಗೆ ಬೇರೆ. ಪಿಷ್ಟದ ಕೂಡುವಿಕೆಯನ್ನು ನಮ್ಮ ಎಂಜಲೇ ಬಿಡಿಸಬಲ್ಲದು. ಸೆಲ್ಯುಲೋಸಿನದನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಆಶ್ಚರ್ಯವೆಂದರೆ ಹಸುವಿನಲ್ಲೂ ಇಲ್ಲ. ಎಮ್ಮೆ, ಕುರಿ, ಮೇಕೆ, ಆನೆ, ಯಾವುದರ ಮೈಯೂ ಆ ಕಿಣ್ವವನ್ನು ತಾನಾಗಿ ತಯಾರಿಸುವುದಿಲ್ಲ. ಹುಲ್ಲು ತಿಂದು ಬದುಕುವ ಪ್ರಾಣಿಗೆ ಹುಲ್ಲು ಅರಗಿಸುವ ಶಕ್ತಿ ಇಲ್ಲ! ಅದಕ್ಕಾಗಿ ಅದು ತನ್ನ ಒಡಲಿನಲ್ಲಿ ಜಾಗ ಕೊಟ್ಟು ಒಕ್ಕಲನ್ನು ಇರಿಸಿಕೊಂಡಿದೆ.

ಆ ಜಾಗ ಸಣ್ಣದಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ನಾಲ್ಕು ಕೋಣೆಗಳೆಂದು ಶಾಲೆಯಲ್ಲಿ ಓದಿದ್ದೇವೆ. ಅವುಗಳಲ್ಲಿ ಮೊದಲನೆಯದು ರೂಮೆನ್, ನಮ್ಮ ಡಾಕ್ಟರುಗಳು ದೊಡ್ಡ ಹೊಟ್ಟೆ ಅನ್ನುತ್ತಾರೆ. ಬಲಿತ ಸೀಮೆಹಸುವಿನಲ್ಲಿ ಅದು ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಒಡಲಿನ ಎಡಭಾಗವನ್ನು ಹೆಚ್ಚೂಕಡಿಮೆ ಪೂರಾ ತುಂಬಿಕೊಂಡಿರುತ್ತದೆ. ಒಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿ. ಗಾಳಿಯಾಡುವುದಿಲ್ಲ, ಬೆಳಕಿಲ್ಲ. ಅಲ್ಲಿಯ ರಸದ ಒಂದು ಮಿಲಿಲೀಟರಿನಲ್ಲಿ, ಅಂದರೆ ಇಪ್ಪತ್ತು ಹನಿಯಷ್ಟರಲ್ಲಿ, ಸಾವಿರ ಕೋಟಿಯ ಲೆಕ್ಕದಲ್ಲಿ ಬ್ಯಾಕ್ಟೀರಿಯಗಳಿರುತ್ತವೆ. ಅವುಗಳ ಜೊತೆಗೆ ಲಕ್ಷಗಟ್ಟಲೆ ಪ್ರೊಟೊಜೋವಗಳು, ಸಾವಿರದ ಲೆಕ್ಕದಲ್ಲಿ ಶಿಲೀಂಧ್ರದ ಬೀಜಕಣಗಳು.

ಈ ಪ್ರೊಟೊಜೋವಗಳನ್ನು ಮೊದಲು ಕಂಡವರು ಪ್ಯಾರಿಸ್ಸಿನ ಗ್ರೂಬಿ ಮತ್ತು ದೆಲಫೋ, 1843ರಲ್ಲಿ. ಸೂಕ್ಷ್ಮದರ್ಶಕದ ಕೆಳಗೆ ಬೆಚ್ಚಗಿನ ರಸದ ಒಂದು ಹನಿ ಇಟ್ಟರೆ ಇವು ಮೈತುಂಬ ಕೂದಲಿರುವ ಹುಳುಗಳ ಹಾಗೆ ಓಡಾಡುವುದು ಯಾರಿಗೂ ಕಾಣುತ್ತದೆ. ಆದರೆ ನಾರು ಕಡಿಯುವ ಬ್ಯಾಕ್ಟೀರಿಯ ಯಾವುದೆಂದು ಹಿಡಿಯಲು ಇನ್ನೂ ನೂರು ವರ್ಷ ಬೇಕಾಯಿತು. ಅವು ಗಾಳಿ ಸೋಕಿದರೆ ಸಾಯುತ್ತವೆ. ಹೊರಗೆ ತೆಗೆದು ಸಾಕುವುದು ಹೇಗೆ? ಅಮೆರಿಕದ ರಾಬರ್ಟ್ ಹಂಗೇಟ್ ಎಂಬ ವಿಜ್ಞಾನಿ ಆಮ್ಲಜನಕದ ಸುಳಿವೂ ಇಲ್ಲದಂತೆ ಗಾಜಿನ ನಳಿಕೆಗಳಲ್ಲಿ ಅವನ್ನು ಬೆಳೆಸುವ ವಿಧಾನ ಕಂಡುಹಿಡಿದ. ಈತ ಶುರು ಮಾಡಿದ್ದು ಹಸುವಿನಿಂದಲ್ಲ, ಗೆದ್ದಲಿನಿಂದ. ನಮ್ಮ ಹುಲ್ಲಿನ ಮೆದೆಯ ಬುಡ ತಿನ್ನುವ ಗೆದ್ದಲಿಗೂ ಹಸುವಿಗೂ ಈ ವಿಷಯದಲ್ಲಿ ನಂಟಸ್ತಿಕೆ ಇದೆ. ಎರಡಕ್ಕೂ ನಾರು ಅರಗಿಸಲು ಜೀವಾಣುಗಳ ನೆರವು ಬೇಕು.

ಶಿಲೀಂಧ್ರದ ಕಥೆ ಇನ್ನೂ ಈಚಿನದು. ಗಾಳಿಯಿಲ್ಲದ ಕಡೆ ಶಿಲೀಂಧ್ರ ಬದುಕಲಾರದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1975ರಲ್ಲಿ, ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಎಂಬಾತ ಕುರಿಯ ಹೊಟ್ಟೆಯಲ್ಲಿ ಅಂಥದ್ದನ್ನೇ ತೋರಿಸಿದ. ಅಲ್ಲಿಯವರೆಗೆ ಪ್ರೊಟೊಜೋವ ಎಂದುಕೊಂಡಿದ್ದದ್ದು ನಿಜವಾಗಿ ಶಿಲೀಂಧ್ರದ ಈಜುವ ಬೀಜಕಣವಾಗಿತ್ತು. ಅದು ಹುಲ್ಲಿನ ದಂಟಿನ ಮೇಲೆ ಕೂತು ಬೇರು ಬಿಡುತ್ತದೆ; ಬೇರು ದಂಟನ್ನು ಸೀಳುತ್ತದೆ. ಸೀಳಿದ ಸಂದಿಗೆ ಬ್ಯಾಕ್ಟೀರಿಯ ನುಗ್ಗುತ್ತವೆ. ಫೈಬ್ರೊಬ್ಯಾಕ್ಟರ್, ರುಮಿನೊಕಾಕಸ್ ಎಂಬ ಹೆಸರಿನವು ನಾರಿಗೆ ಅಂಟಿಕೊಂಡೇ ಕೆಲಸ ಮಾಡುತ್ತವೆ. ಕೇಳುಗರು ಈ ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ಅವು ಅಂಟಿಕೊಳ್ಳುತ್ತವೆ, ಅವಕ್ಕೆ ಹೊತ್ತು ಬೇಕು ಎಂಬೆರಡು ಸಂಗತಿ ನೆನಪಿದ್ದರೆ ಸಾಕು.

ಹೊತ್ತು ಎಷ್ಟು? ಇದನ್ನು ಅಳೆಯಲು ಸಂಶೋಧನಾ ಕೇಂದ್ರಗಳಲ್ಲಿ ಹಸುವಿನ ಎಡಪಕ್ಕೆಗೆ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಳವಿರುವ ರಬ್ಬರಿನ ಕಿಂಡಿ ಇಡುತ್ತಾರೆ. ಹಸು ಎಂದಿನಂತೆ ಮೇಯುತ್ತದೆ, ಕರು ಹಾಕುತ್ತದೆ. ಸಣ್ಣ ನೈಲಾನ್ ಚೀಲದಲ್ಲಿ ತೂಕ ಮಾಡಿದ ಹುಲ್ಲು ಹಾಕಿ ಕಿಂಡಿಯಿಂದ ಒಳಗೆ ಇಳಿಬಿಟ್ಟು, ಒಂದು ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ ಎಳೆದು ತೊಳೆದು ತೂಗುತ್ತಾರೆ. ಹಿಂಡಿ, ಬೂಸ ಗಂಟೆಗಳಲ್ಲಿ ಕರಗಿದರೆ, ಒಣಹುಲ್ಲು ಎರಡು ದಿನ ಕಳೆದರೂ ಇನ್ನೂ ಉಳಿದಿರುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನದ ರಾಷ್ಟ್ರೀಯ ಸಂಸ್ಥೆ ಇಂಥ ವಿಷಯಕ್ಕೆಂದೇ ಇದೆ. ದೇವರಾಯಸಮುದ್ರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅದರ ಗೇಟು ಮುಟ್ಟಬಹುದು.

ಈ ನಿಧಾನದ ಕೆಲಸಕ್ಕೆ ಹಸು ತನ್ನ ಪಾಲಿನ ದುಡಿಮೆ ಮಾಡುತ್ತದೆ. ಅದೇ ಮೆಲುಕು. ಅರೆಬರೆ ಅಗಿದು ನುಂಗಿದ್ದನ್ನು ಬಾಯಿಗೆ ತಂದುಕೊಂಡು, ಒಂದೊಂದು ಉಂಡೆಯನ್ನೂ ಐವತ್ತು ಅರವತ್ತು ಸಲ ಅಗಿದು ಮತ್ತೆ ನುಂಗುತ್ತದೆ. ದಿನಕ್ಕೆ ಆರೇಳು ಗಂಟೆ ಇದೇ ಕಸುಬು. ಹುಲ್ಲು ನುರಿದಷ್ಟೂ ಬ್ಯಾಕ್ಟೀರಿಯಗಳಿಗೆ ಅಂಟಿಕೊಳ್ಳಲು ಜಾಗ ಹೆಚ್ಚು. ಇನ್ನೊಂದು ಲಾಭ ಅದಕ್ಕಿಂತ ದೊಡ್ಡದು: ಮೆಲುಕು ಹಾಕುವಾಗ ಸುರಿಯುವ ಜೊಲ್ಲು. ಹಾಲು ಕರೆಯುವ ದೊಡ್ಡ ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ. ಅದರಲ್ಲಿ ಅಡುಗೆ ಸೋಡದ ಅಂಶವಿದೆ. ಜೀವಾಣುಗಳು ಉಗುಳುವ ಹುಳಿಯನ್ನು ಆ ಸೋಡ ತಗ್ಗಿಸುತ್ತಾ ಇರುತ್ತದೆ. ಆವಣಿಯ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಲು ಬಂದ ಹಿರಿಯರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೂತು ಮೆಲುಕು ಹಾಕುತ್ತಿದೆಯೇ ಎಂದೂ ನೋಡುತ್ತಾರೆ. ಸುಳಿಯ ಫಲದ ಬಗ್ಗೆ ನನಗೆ ನಂಬಿಕೆ ಸಾಲದು. ಮೆಲುಕಿನ ಬಗ್ಗೆ ಅವರು ನೂರಕ್ಕೆ ನೂರು ಸರಿ.

ಇನ್ನು ಒಕ್ಕಲು ಕೊಡುವ ಗುತ್ತಿಗೆಯ ವಿಚಾರ. ನಾರನ್ನು ಕಡಿದು ಸಿಕ್ಕ ಸಕ್ಕರೆಯನ್ನು ಜೀವಾಣುಗಳು ಹಸುವಿಗೆ ಒಪ್ಪಿಸುವುದಿಲ್ಲ, ತಾವೇ ತಿಂದುಬಿಡುತ್ತವೆ. ತಿಂದ ಮೇಲೆ ಅವು ಹೊರಗೆ ಬಿಡುವ ಹುಳಿಗಳೇ ಹಸುವಿನ ಆಹಾರ. ಮುಖ್ಯವಾದವು ಮೂರು: ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳು. ದೊಡ್ಡ ಹೊಟ್ಟೆಯ ಗೋಡೆಯೇ ಇವನ್ನು ಹೀರಿಕೊಂಡು ರಕ್ತಕ್ಕೆ ಕಳಿಸುತ್ತದೆ. ಹಸುವಿನ ಮೈಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಹೀಗೆ. ಪ್ರೊಪಿಯೋನಿಕ್ ಆಮ್ಲ ಪಿತ್ತಜನಕಾಂಗದಲ್ಲಿ ಗ್ಲೂಕೋಸ್ ಆಗಿ, ಮುಂದೆ ಹಾಲಿನ ಸಕ್ಕರೆಯಾಗುತ್ತದೆ. ನಾರಿನಿಂದ ಹೆಚ್ಚಾಗಿ ಹುಟ್ಟುವ ಅಸಿಟಿಕ್ ಆಮ್ಲ ಕೆಚ್ಚಲಿಗೆ ಹೋಗಿ ಹಾಲಿನ ಜಿಡ್ಡಾಗುತ್ತದೆ.

ಡೇರಿಯ ಜಗಳ ಈಗ ಬಿಡಿಸಬಹುದು. ಹೆಚ್ಚು ಹಾಲು ಬರಲಿ ಎಂದು ಫೀಡನ್ನೂ ಜೋಳದ ನುಚ್ಚನ್ನೂ ಏರಿಸಿ ಒಣಹುಲ್ಲನ್ನು ಇಳಿಸಿದರೆ, ನಾರು ಕಡಿಯುವ ಒಕ್ಕಲು ಹಿಂದಕ್ಕೆ ಸರಿದು ಪಿಷ್ಟ ತಿನ್ನುವ ಒಕ್ಕಲಿನ ಕೈ ಮೇಲಾಗುತ್ತದೆ. ಹೊಟ್ಟೆ ಹುಳಿಯಾಗುತ್ತದೆ. ಅಸಿಟಿಕ್ ಆಮ್ಲದ ಪಾಲು ಕುಗ್ಗುತ್ತದೆ. ಜಿಡ್ಡು ಕಡಿಮೆಯಾಗಲು ಇದೊಂದೇ ಕಾರಣವೆಂದು ಬಹಳ ಕಾಲ ತಿಳಿದಿದ್ದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ಮತ್ತವರ ಜೊತೆಗಾರರು ಇನ್ನೂ ಸೂಕ್ಷ್ಮವಾದ ಕಾರಣ ತೋರಿಸಿದರು. ಹೊಟ್ಟೆ ಹುಳಿಯಾದಾಗ ಜೀವಾಣುಗಳು ಮೇವಿನಲ್ಲಿರುವ ಎಣ್ಣೆಯಂಶವನ್ನು ಬೇರೆ ದಾರಿಯಲ್ಲಿ ಬದಲಿಸಿ ಒಂದು ವಿಚಿತ್ರ ಕೊಬ್ಬಿನಾಮ್ಲ ಹುಟ್ಟಿಸುತ್ತವೆ. ಅದು ಒಂದೆರಡು ಗ್ರಾಮಿನಷ್ಟು ಕೆಚ್ಚಲನ್ನು ಮುಟ್ಟಿದರೂ ಸಾಕು, ಕೆಚ್ಚಲು ಜಿಡ್ಡು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಮಿಷನ್ನು ಸರಿಯಾಗಿಯೇ ಇತ್ತು. ಸೊಸೆಯೂ ನೀರು ಬೆರೆಸಿರಲಿಲ್ಲ.

ಗುತ್ತಿಗೆ ಇಷ್ಟಕ್ಕೆ ಮುಗಿಯುವುದಿಲ್ಲ. ಒಕ್ಕಲನ್ನೇ ಒಡೆಯ ತಿನ್ನುತ್ತಾನೆ! ಜೀವಾಣುಗಳು ಹುಲ್ಲಿನ ಜೊತೆ ಕೆಳಗೆ ಹರಿದು ನಾಲ್ಕನೇ ಹೊಟ್ಟೆ ಸೇರುತ್ತವೆ. ಅದೇ ನಿಜವಾದ ಜಠರ. ಅಲ್ಲಿ ಅವೇ ಅರಗಿಹೋಗಿ ಹಸುವಿಗೆ ಪ್ರೋಟೀನು ಆಗುತ್ತವೆ. ಬರೀ ಹುಲ್ಲಿನ ಮೇಲಿರುವ ದನಕ್ಕೆ ಪ್ರೋಟೀನಿನ ದೊಡ್ಡ ಪಾಲು ಹೀಗೇ ದಕ್ಕುವುದು. ಬ್ಯಾಕ್ಟೀರಿಯದ ಗೋಡೆ ಒಡೆಯಲು ಹಸುವಿನ ಜಠರದಲ್ಲಿ ಲೈಸೊಜೈಮ್ ಎಂಬ ಕಿಣ್ವ ಇದೆ. ನಮ್ಮ ಕಣ್ಣೀರಿನಲ್ಲೂ ಅದರ ಬಂಧುವೊಂದು ಇದೆ. ಎಲೆ ತಿಂದು ಬದುಕುವ ಕರಿಮೋರೆಯ ಮುಸಿಯನ ಜಠರದಲ್ಲೂ ಹೆಚ್ಚುಕಡಿಮೆ ಹಸುವಿನದೇ ಮಾದರಿಯ ಲೈಸೊಜೈಮ್ ಇದೆಯೆಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಆಲನ್ ವಿಲ್ಸನ್ ಅವರ ಬಳಗ ತೋರಿಸಿತು. ಮುಸಿಯ ಹಸುವಿನಿಂದ ಕಲಿತದ್ದಲ್ಲ. ಒಂದೇ ಕಷ್ಟಕ್ಕೆ ಎರಡು ವಂಶಗಳು ಬೇರೆಬೇರೆಯಾಗಿ ಒಂದೇ ದಾರಿ ಕಂಡುಕೊಂಡವು. ನಮ್ಮೂರ ಗುಡಿಯ ಬಳಿ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಗೆ ಈ ಏರ್ಪಾಡಿಲ್ಲ.

ಈ ಒಕ್ಕಲಿನ ಕೈಚಳಕವನ್ನು ಎಲ್ಲರಿಗಿಂತ ದಿಟ್ಟವಾಗಿ ಪರೀಕ್ಷಿಸಿದವರು ಫಿನ್ಲೆಂಡಿನ ಆರ್ಟುರಿ ವಿರ್ಟನೆನ್. ಮೇವನ್ನು ಕೆಡದಂತೆ ಇಡುವ ವಿಧಾನಕ್ಕಾಗಿ 1945ರ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಅವರು ಹಸುಗಳಿಗೆ ಪ್ರೋಟೀನಿನ ಗಂಧವೂ ಇಲ್ಲದ ಮೇವು ಕೊಟ್ಟರು: ಶುದ್ಧ ಪಿಷ್ಟ, ಶುದ್ಧ ನಾರು, ಸಕ್ಕರೆ, ಸಾರಜನಕಕ್ಕೆ ಬರೀ ಯೂರಿಯ ಮತ್ತು ಅಮೋನಿಯದ ಲವಣ. ಹಸುಗಳು ಬದುಕಿದವು, ಹಾಲನ್ನೂ ಕೊಟ್ಟವು. ಆ ಫಲಿತಾಂಶ 1966ರಲ್ಲಿ ಅಚ್ಚಾಯಿತು. ಹಾಲಿನ ಪ್ರೋಟೀನೆಲ್ಲವೂ ಜೀವಾಣುಗಳು ಕಟ್ಟಿಕೊಟ್ಟದ್ದೇ.

ಹಾಗೆಂದು ಯಾರೂ ನಾಳೆ ಗೊಬ್ಬರದ ಮೂಟೆ ಬಿಚ್ಚಿ ಗೊಂತಿಗೆ ಸುರಿಯಬೇಡಿ. ಒಂದೇ ಸಲ ಹೊಟ್ಟೆಗೆ ಹೋದ ಯೂರಿಯ ಅಮೋನಿಯವಾಗಿ ಹಸುವನ್ನು ಗಂಟೆಗಳಲ್ಲಿ ಕೊಲ್ಲುತ್ತದೆ. ಸರಿಯಾದ ಕ್ರಮ ಬೇರೆ: ನೂರು ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯವನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡುವುದು. ಅಷ್ಟರಲ್ಲಿ ನಾರಿನ ಬಿಗಿ ಸಡಿಲವಾಗುತ್ತದೆ, ಜೀವಾಣುಗಳಿಗೆ ಸಾರಜನಕವೂ ಸಿಗುತ್ತದೆ. ಕೊಡುವ ಮುಂಚೆ ಹರಡಿ ವಾಸನೆ ಹೋಗಲು ಬಿಡಬೇಕು. ಎಳೆಗರುಗಳಿಗೆ ಕೊಡಬಾರದು. ಮೊದಲ ಸಲ ಮಾಡುವವರು ಪಶು ಆಸ್ಪತ್ರೆಯವರನ್ನು ಕೇಳಿಯೇ ಮಾಡಿ. ನೆಲ್ಲುಹುಲ್ಲಿಗೆ ಇದರಿಂದ ಹೆಚ್ಚು ಪ್ರಯೋಜನ. ರಾಗಿ ಹುಲ್ಲು ಮೊದಲೇ ಅದಕ್ಕಿಂತ ಮೆದು, ಸುಣ್ಣದಂಶವೂ ಹೆಚ್ಚು. ನಮ್ಮ ಸೀಮೆಯ ಪುಣ್ಯ ಅದು.

ಒಕ್ಕಲು ಊರಿಂದ ಊರಿಗೆ ಬೇರೆ ಎಂಬುದಕ್ಕೆ ಒಂದು ನಿಜವಾದ ಕಥೆ ಹೇಳುತ್ತೇನೆ. ನಮ್ಮಲ್ಲಿ ಬದುಗಳ ಮೇಲೆ ಬೆಳೆಸಿದ ಸುಬಾಬುಲ್ ಗೊತ್ತಲ್ಲ? ಅದರ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಆಸ್ಟ್ರೇಲಿಯದಲ್ಲಿ ಅದನ್ನೇ ಮೇಯ್ದ ದನಗಳ ಕೂದಲು ಉದುರುತ್ತಿತ್ತು, ಕೊರಳು ಬಾತು ಸೊರಗುತ್ತಿದ್ದವು. ಹವಾಯಿ ದ್ವೀಪದ ಮೇಕೆಗಳು ಅದೇ ಸೊಪ್ಪು ತಿಂದು ದುಂಡಗಿದ್ದವು. ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಯ ಕಣ್ಣಿಗೆ ಇದು ಬಿತ್ತು. 1980ರ ದಶಕದ ಮೊದಲಲ್ಲಿ ಹವಾಯಿಯ ಮೇಕೆಯ ಹೊಟ್ಟೆರಸದ ಜೀವಾಣುಗಳನ್ನು ತಂದು ಆಸ್ಟ್ರೇಲಿಯದ ದನಗಳಿಗೆ ಕೊಟ್ಟರು. ತೊಂದರೆ ನಿಂತಿತು. ಜೊತೆಗೆ ಮೇಯುತ್ತಿದ್ದ ದನಗಳಿಗೂ ಆ ಜೀವಾಣುಗಳು ಹಬ್ಬಿದವು. ಆ ಬ್ಯಾಕ್ಟೀರಿಯಕ್ಕೆ 1992ರಲ್ಲಿ ಇಟ್ಟ ಹೆಸರು ಸಿನರ್ಜಿಸ್ಟಿಸ್ ಜೋನ್ಸಿಯೈ. ಕಂಡುಕೊಂಡಾತನ ಹೆಸರು ಅದರಲ್ಲೇ ಇದೆ. ಮೆಲುಕು ನಿಲ್ಲಿಸಿದ ಹಸುವಿಗೆ ಆರೋಗ್ಯವಾದ ಹಸುವಿನ ಹೊಟ್ಟೆರಸ ಕುಡಿಸುವ ಚಿಕಿತ್ಸೆಯನ್ನು ನಮ್ಮ ಪಶುವೈದ್ಯರು ಈಗಲೂ ಮಾಡುತ್ತಾರೆ. ಅಲ್ಲಿ ಕುಡಿಸುವುದು ಔಷಧಿಯನ್ನಲ್ಲ, ಹೊಸ ಒಕ್ಕಲನ್ನು.

ಎಲ್ಲ ಹುಲ್ಲುಬಾಕಗಳೂ ಹಸುವಿನ ಕ್ರಮ ಅನುಸರಿಸುವುದಿಲ್ಲ. ಕತ್ತೆ, ಕುದುರೆ, ಆನೆಗಳ ಜೀವಾಣುಗಳು ಇರುವುದು ಹಿಂಗರುಳಿನಲ್ಲಿ, ಜಠರ ದಾಟಿದ ಮೇಲೆ. ಹಾಗಾಗಿ ಅವು ಒಕ್ಕಲಿನ ಹುಳಿಯನ್ನು ಪಡೆಯುತ್ತವೆ, ಒಕ್ಕಲನ್ನೇ ತಿಂದು ಅರಗಿಸಿಕೊಳ್ಳಲಾರವು. ಬಂಗಾರಪೇಟೆಯ ಕಾಮಸಮುದ್ರದ ಗಡಿಯಲ್ಲಿ ಹೊಲಕ್ಕೆ ನುಗ್ಗುವ ಆನೆಯ ಲದ್ದಿ ನೋಡಿದವರಿಗೆ ಗೊತ್ತು, ಅದರಲ್ಲಿ ನಾರು ನಾರಾಗಿಯೇ ಇರುತ್ತದೆ. ತಿಂದದ್ದರಲ್ಲಿ ಅರ್ಧವೂ ಅದಕ್ಕೆ ದಕ್ಕುವುದಿಲ್ಲ. ಅದಕ್ಕೇ ಹಗಲೂ ರಾತ್ರಿ ತಿನ್ನುತ್ತದೆ. ಮರಿಯಾನೆ ತಾಯಿಯ ಲದ್ದಿ ತಿಂದು ಈ ಜೀವಾಣುಗಳನ್ನು ಪಡೆಯುತ್ತದೆ.

ಕರುವಿಗೂ ಹುಟ್ಟಿದಾಗ ದೊಡ್ಡ ಹೊಟ್ಟೆ ಹೆಸರಿಗೆ ಮಾತ್ರ. ಕುಡಿದ ಹಾಲು ಅದನ್ನು ಬಳಸಿಕೊಂಡು ನೇರ ಜಠರಕ್ಕೆ ಇಳಿಯುತ್ತದೆ. ತಾಯಿ ನೆಕ್ಕಿದ್ದು, ಗೊಂತಿನ ಹುಲ್ಲು ಮೂಸಿದ್ದು, ಇವುಗಳಿಂದ ಒಕ್ಕಲು ಬಂದು ಸೇರುತ್ತದೆ. ಎರಡನೇ ವಾರದಿಂದ ಒಂದು ಹಿಡಿ ಕರುತಿಂಡಿ, ಒಳ್ಳೆಯ ಒಣಹುಲ್ಲು ಬಾಯಿಗೆ ಸಿಗುವಂತೆ ಇಟ್ಟರೆ ಎರಡು ಮೂರು ತಿಂಗಳಲ್ಲಿ ಹೊಟ್ಟೆ ಕೆಲಸಕ್ಕೆ ನಿಲ್ಲುತ್ತದೆ.

ಒಕ್ಕಲಿನಿಂದ ನಷ್ಟವೂ ಇದೆ. ನಾರು ಕಡಿಯುವಾಗ ಹುಟ್ಟುವ ಜಲಜನಕವನ್ನು ಇನ್ನೊಂದು ಗುಂಪಿನ ಜೀವಾಣುಗಳು ಮೀಥೇನ್ ಅನಿಲ ಮಾಡುತ್ತವೆ; ಹಸು ಅದನ್ನು ತೇಗಿ ಹೊರಗೆ ಬಿಡುತ್ತದೆ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಕೆಲಸ ಮಾಡುವವೂ ಇದೇ ಜಾತಿಯವು. ಮೇವಿನ ಒಂದಿಷ್ಟು ಶಕ್ತಿ ಹೀಗೆ ಗಾಳಿಪಾಲು, ಭೂಮಿಯ ಬಿಸಿಯೂ ಏರುತ್ತದೆ. ಆಡುಗೋಡಿಯ ಸಂಸ್ಥೆಯವರು ಹುಣಸೆ ಬೀಜದ ಸಿಪ್ಪೆಯಂಥ, ಒಗರು ಹೆಚ್ಚಿರುವ ವಸ್ತುಗಳಿಂದ ಮೀಥೇನ್ ತಗ್ಗುವುದನ್ನು ಕಂಡು ಟ್ಯಾಮರಿನ್ ಪ್ಲಸ್, ಹರಿತ್ ಧಾರಾ ಎಂಬ ಮೇವಿನ ಪುಡಿಗಳನ್ನು ರೂಪಿಸಿದ್ದಾರೆ. ಹರಿತ್ ಧಾರಾ ನೂರಕ್ಕೆ 17ರಿಂದ 20ರಷ್ಟು ತಗ್ಗಿಸುತ್ತದೆಂಬುದು ಅವರ ಲೆಕ್ಕ. ಹುಣಸೆಮರಕ್ಕೆ ಕೋಲಾರ ಸೀಮೆಯಲ್ಲಿ ಬರವಿಲ್ಲ. ಆದರೆ ಒಗರು ಮಿತಿ ಮೀರಿದರೆ ಮೇವೇ ಅರಗದು, ಆದ್ದರಿಂದ ಮನೆಯಲ್ಲೇ ಅಂದಾಜಿನಲ್ಲಿ ಬೆರೆಸಲು ಹೋಗಬೇಡಿ.

ಕೊನೆಯದಾಗಿ, ವರ್ಷವರ್ಷ ಹಸು ಸಾಯುವ ಒಂದು ಕಾರಣ ಹೇಳಲೇಬೇಕು. ಮದುವೆ ಮನೆಯ ಉಳಿದ ಅನ್ನ, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ತೋಪುಗಳಲ್ಲಿ ಉದುರಿದ ಹಣ್ಣು, ರೇಟು ಬಿದ್ದಾಗ ರಸ್ತೆ ಬದಿಗೆ ಸುರಿದ ಟೊಮೇಟೊ. ಇವನ್ನು ಕಂಡರೆ ದನ ಬಿಡುವುದಿಲ್ಲ, ‘ಹಾಳಾಗುವುದನ್ನು ತಿನ್ನಲಿ’ ಎಂದು ನಾವೂ ಬಿಡುತ್ತೇವೆ. ಪಿಷ್ಟ, ಸಕ್ಕರೆ ಒಮ್ಮೆಲೇ ಹೊಟ್ಟೆ ತುಂಬಿದರೆ ಕೆಲವು ಬ್ಯಾಕ್ಟೀರಿಯಗಳು ಕೆರಳಿ ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಆ ಹುಳಿಗೆ ನಾರಿನ ಒಕ್ಕಲು ಸಾಯುತ್ತದೆ, ಮೆಲುಕು ನಿಲ್ಲುತ್ತದೆ, ಹಸು ತೂರಾಡಿ ಕೂರುತ್ತದೆ, ಸಗಣಿ ಹುಳಿ ನಾರುತ್ತ ತೆಳ್ಳಗಾಗುತ್ತದೆ. ಆಗ ಎಣ್ಣೆ ಕುಡಿಸಿ ನೋಡೋಣ, ನಾಳೆ ನೋಡೋಣ ಅನ್ನಬೇಡಿ. ಆ ಗಳಿಗೆಯಲ್ಲೇ ಡಾಕ್ಟರಿಗೆ ಫೋನು ಮಾಡಿ.

ಮೇವು ಬದಲಿಸುವುದಿದ್ದರೆ ಹತ್ತು ಹದಿನೈದು ದಿನ ಹಿಡಿದು ಸ್ವಲ್ಪಸ್ವಲ್ಪವೇ ಬದಲಿಸಿ. ನಿಮ್ಮ ಮನಸ್ಸಿಗೆ ಬಂದಂತೆ ಆಂಟಿಬಯಾಟಿಕ್ ಮಾತ್ರೆ ಬಾಯಿಗೆ ಹಾಕಬೇಡಿ. ಅದು ಒಕ್ಕಲನ್ನೂ ಕೊಲ್ಲುತ್ತದೆ. ಸಂಜೆ ಹೊತ್ತು ಕೊಟ್ಟಿಗೆಗೆ ಹೋಗಿ ನೋಡಿ, ಮಲಗಿದ ಹಸುಗಳಲ್ಲಿ ಅರ್ಧಕ್ಕೂ ಹೆಚ್ಚು ಮೆಲುಕು ಹಾಕುತ್ತಿರಬೇಕು. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದರೆ, ಎರಡು ನಿಮಿಷದಲ್ಲಿ ಎರಡು ಮೂರು ಸಲ ಹೊಟ್ಟೆ ಉಕ್ಕಿ ಇಳಿಯುವುದು ಕೈಗೆ ತಿಳಿಯಬೇಕು. ಈ ಸಲ ರಾಗಿ ಕೊಯ್ದ ಮೇಲೆ ಹುಲ್ಲಿಗೆ ಒಳ್ಳೆಯ ರೇಟು ಬಂತೆಂದು ಮೆದೆಯನ್ನೆಲ್ಲ ಲಾರಿಗೆ ತುಂಬಿಸಬೇಡಿ. ಮನೆಯ ಹಸುವಿಗೆ ಬೇಸಿಗೆ ಮುಗಿಯುವವರೆಗೆ ಸಾಲುವಷ್ಟನ್ನು ಮೊದಲು ಎತ್ತಿಡಿ.